ಸೊಸೈಟಿ ಸಾಲಿನಿಂದ ಮೀನು ಮಾರ್ಕೆಟ್‌ವರೆಗೆ: ನಮ್ಮ ಊಟದ ಹಕ್ಕನ್ನು ಕೇಳಿ ಪಡೆಯುವ ದಾರಿ

ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು. ಹೆಬ್ಬೆರಳ ತುದಿ ಸವೆದು ನುಣ್ಣಗಾಗಿದೆ. ಒಂದು ಮಳೆಗಾಲದ ದಿನ ಖಾಲಿ ಚೀಲ ಹಿಡಿದುಕೊಂಡು ಸೊಸೈಟಿಯಿಂದ ವಾಪಸ್ ಬಂದರು. "ಹೆಬ್ಬೆಟ್ಟು ತಗೊಳ್ಳುವುದಿಲ್ಲಂತೆ ಮಗಾ. ಬರುವ ತಿಂಗಳು ನೋಡುವ ಅಂತ ಹೇಳಿದ್ರು" ಅಂದರು. ಮಾರನೇ ದಿನ ಒಂದು ಬಿಳಿ ಹಾಳೆ, ಪೆನ್ನು ಹಿಡಿದು ಅವರ ಜೊತೆ ನಾನೂ ಹೋದೆ. ಜಗಳ ಮಾಡಲಿಲ್ಲ. "ರೇಷನ್ ಕೊಡಲಿಕ್ಕೆ ಆಗುವುದಿಲ್ಲ ಅಂತ ಇದರಲ್ಲಿ ಬರೆದು ಸಹಿ ಮಾಡಿ ಕೊಡಿ ಅಣ್ಣ" ಅಂತ ಮಾತ್ರ ಕೇಳಿದೆ. ಅವರು ಒದ್ದೆ ಬಟ್ಟೆಯಲ್ಲಿ ದೊಡ್ಡಮ್ಮನ ಕೈ ಒರೆಸಿ ಒಂದೊಂದೇ ಬೆರಳು ಇಡಿಸಿದರು. ಎಡಗೈಯ ನಡುಬೆರಳನ್ನು ಯಂತ್ರ ತೆಗೆದುಕೊಂಡಿತು. ಅಕ್ಕಿ ಬಂತು.

ಅಕ್ಕಿ ಇತ್ತು, ಕಾನೂನೂ ಇತ್ತು. ಬರೆದು ಕೊಡಿ ಅಂತ ಕೇಳುವವರು ಇರಲಿಲ್ಲ. ಮಂಗಳೂರು, ಉಡುಪಿ ಕಡೆಯ ನಮ್ಮಂಥವರು ರೇಷನ್, ಅಂಗನವಾಡಿ, ಶಾಲೆಯ ಬಿಸಿಯೂಟ, ಮೀನು ಮಾರ್ಕೆಟ್, ಹೋಟೆಲ್ – ಈ ಐದು ಕಡೆ ಏನು ನೋಡಬೇಕು, ಏನು ಕೇಳಬೇಕು, ಹೇಗೆ ಬರೆಯಬೇಕು ಅಂತ ಇಲ್ಲಿ ಹೇಳುತ್ತೇನೆ. ಉದ್ದ ಇದೆ. ನಿಮಗೆ ಬೇಕಾದ ಭಾಗದಿಂದಲೇ ಶುರು ಮಾಡಬಹುದು. ಆದರೆ ಕೊನೆಯಲ್ಲಿರುವ ದೂರಿನ ಭಾಗವನ್ನು ಮಾತ್ರ ಎಲ್ಲರೂ ಓದಿ.

ಹಂತ 1: ನಿಮ್ಮ ಪಾಲು ಎಷ್ಟು ಅಂತ ಬರೆದಿಟ್ಟುಕೊಳ್ಳಿ

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದದ್ದು 2013ರಲ್ಲಿ. ಅದರ ಪ್ರಕಾರ ಅಂತ್ಯೋದಯ ಕಾರ್ಡ್ ಇದ್ದರೆ ಮನೆಗೆ ತಿಂಗಳಿಗೆ 35 ಕೆಜಿ. ನಾವು ಬಿಪಿಎಲ್ ಅಂತ ಕರೆಯುವ ಆದ್ಯತಾ ಕಾರ್ಡ್ ಇದ್ದರೆ ಒಬ್ಬರಿಗೆ 5 ಕೆಜಿ. 2023ರ ಜನವರಿಯಿಂದ ಕೇಂದ್ರದ ಈ ಪಾಲಿಗೆ ನಾವು ದುಡ್ಡು ಕೊಡಬೇಕಾಗಿಲ್ಲ. ಇದು ಯಾರೋ ಕೊಡುವ ದಾನ ಅಲ್ಲ, ಕಾಯ್ದೆಯಲ್ಲೇ ಬರೆದಿರುವ ಹಕ್ಕು.

ಇದರ ಮೇಲೆ ನಮ್ಮ ರಾಜ್ಯ ಅನ್ನಭಾಗ್ಯದಲ್ಲಿ ಕೊಡುವ ಪಾಲು ಬೇರೆ. ಅದು ಆಗಾಗ ಬದಲಾಗುತ್ತದೆ. 2023ರ ಜುಲೈಯಿಂದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು. 2025ರ ಫೆಬ್ರವರಿಯಿಂದ ಹಣ ನಿಲ್ಲಿಸಿ ಅಕ್ಕಿಯನ್ನೇ ಕೊಡತೊಡಗಿದರು. ಹಾಗಾಗಿ ಹೋದ ವರ್ಷದ ಲೆಕ್ಕ ಹಿಡಿದುಕೊಂಡು ಸೊಸೈಟಿಗೆ ಹೋಗಬೇಡಿ. ಈ ತಿಂಗಳ ನಿಮ್ಮ ಪಾಲು ಎಷ್ಟು ಅಂತ ಆಹಾರ ಇಲಾಖೆಯ ವೆಬ್‌ಸೈಟಿನಲ್ಲಿ ಕಾರ್ಡ್ ನಂಬರ್ ಹಾಕಿ ನೋಡಿ. ವೆಬ್‌ಸೈಟ್ ನೋಡಲು ಬಾರದಿದ್ದರೆ 1967ಕ್ಕೆ ಕರೆ ಮಾಡಿ ಕೇಳಬಹುದು.

ಇನ್ನೆರಡು ವಿಷಯ. ಕಾರ್ಡಿನಲ್ಲಿ ಮನೆಯ ಯಜಮಾನಿಯಾಗಿ ಇರಬೇಕಾದದ್ದು 18 ವರ್ಷ ದಾಟಿದ ಹಿರಿಯ ಹೆಂಗಸು. ಕಾಯ್ದೆಯ ಸೆಕ್ಷನ್ 13 ಹೇಳುವುದು ಅದನ್ನೇ. ಎರಡನೆಯದು, ಕಾರ್ಡ್ ಬೇರೆ ಊರಿನದ್ದಾದರೂ ರೇಷನ್ ಇಲ್ಲಿ ಸಿಗುತ್ತದೆ. ಬಾಗಲಕೋಟೆ, ಕೊಪ್ಪಳದಿಂದ ಕಟ್ಟಡ ಕೆಲಸಕ್ಕೆ, ಮಲ್ಪೆಯ ಬೋಟಿಗೆ ಬಂದಿರುವ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಊರಿನಲ್ಲಿರುವ ಕಾರ್ಡ್ ಸುಮ್ನೆ ಬಿದ್ದಿರುತ್ತದೆ, ಇಲ್ಲಿ ಅವರು ಅಂಗಡಿಯಲ್ಲಿ ದುಡ್ಡು ಕೊಟ್ಟು ಅಕ್ಕಿ ತರುತ್ತಾರೆ. ನಿಮ್ಮ ಹತ್ತಿರ ಅಂಥವರು ಇದ್ದರೆ ದಯವಿಟ್ಟು ಹೇಳಿ.

ಹಂತ 2: ಸೊಸೈಟಿಯ ಬಾಗಿಲಲ್ಲಿ

ಒಳಗೆ ಹೋಗುವ ಮೊದಲು ಬೋರ್ಡ್ ಓದಿ. ದಾಸ್ತಾನು ಎಷ್ಟಿದೆ, ಯಾವ ಕಾರ್ಡಿಗೆ ಎಷ್ಟು, ಅಂಗಡಿ ಯಾವಾಗ ತೆರೆದಿರುತ್ತದೆ, ದೂರು ಯಾರಿಗೆ – ಇಷ್ಟೂ ಬೋರ್ಡಿನಲ್ಲಿ ಇರಬೇಕು. ಕೊಡುತ್ತಿರುವ ಅಕ್ಕಿಯ ಸ್ಯಾಂಪಲ್ ಕೂಡ ಎದುರಿಗೆ ಇಟ್ಟಿರಬೇಕು. ಬೋರ್ಡ್ ಖಾಲಿ ಇದ್ದರೆ ಒಂದು ಫೋಟೋ ತೆಗೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ಬೆರಳಿನ ಮಾತು ಮೇಲೆ ಹೇಳಿದೆ. ಬೀಡಿ ಕಟ್ಟುವವರು, ಮೀನು ಕೊಯ್ಯುವವರು, ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವರು, ವಯಸ್ಸಾದವರು – ಇವರಿಗೆಲ್ಲ ಈ ತೊಂದರೆ ಇದ್ದದ್ದೇ. ಕೈ ತೊಳೆದು ಒರೆಸಿ, ಹತ್ತು ಬೆರಳೂ ಇಟ್ಟು ನೋಡಿ. ಕಣ್ಣಿನ ಸ್ಕ್ಯಾನರ್ ಇದೆಯಾ ಕೇಳಿ. ಫೋನಿಗೆ ಒಟಿಪಿ ಬರಿಸಲು ಆಗುತ್ತದಾ ಕೇಳಿ. ಬೆರಳಚ್ಚು ಹೊಂದಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅರ್ಹರಿಗೆ ರೇಷನ್ ತಪ್ಪಿಸಬಾರದು ಅಂತ ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲೇ ಎಲ್ಲ ರಾಜ್ಯಗಳಿಗೆ ಬರೆದಿದೆ. ಹಾಗಾದಾಗ ಪುಸ್ತಕದಲ್ಲಿ ದಾಖಲೆ ಮಾಡಿಕೊಂಡು ಕೊಡಬೇಕು. ಏನೂ ಆಗದಿದ್ದರೆ ನಾನು ಕೇಳಿದ ಹಾಗೆ ನೀವೂ ಬರಹದಲ್ಲಿ ಕೇಳಿ.

ತೂಕ ನೋಡುವುದಕ್ಕೆ ನಾನು ಮಾಡುವುದು ಇಷ್ಟು. ಚೀಲದಲ್ಲಿ ಒಂದು ಕೆಜಿಯ ಸೀಲ್ ಒಡೆಯದ ಉಪ್ಪಿನ ಪ್ಯಾಕೆಟ್ ಇಟ್ಟುಕೊಂಡಿರುತ್ತೇನೆ. ತಕ್ಕಡಿ ಖಾಲಿ ಇರುವಾಗ ಸೊನ್ನೆ ತೋರಿಸುತ್ತದಾ ನೋಡಿ, ಪ್ಯಾಕೆಟ್ ಇಟ್ಟರೆ ಒಂದು ಕೆಜಿಗಿಂತ ಚೂರು ಜಾಸ್ತಿ ತೋರಿಸಬೇಕು. ಆ ಚೂರು ಕವರಿನ ತೂಕ. ಅದಕ್ಕಿಂತ ತುಂಬಾ ಜಾಸ್ತಿ ತೋರಿಸಿದರೆ ಅದು ಕಡಿಮೆ ಕೊಡುವ ತಕ್ಕಡಿ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಈ ವರ್ಷದ ಮುದ್ರೆ, ಪ್ರಮಾಣಪತ್ರ ಇರಬೇಕು. ಅದನ್ನೂ ನೋಡಿ. ಯಂತ್ರದಿಂದ ಬರುವ ರಸೀದಿಯನ್ನು ಕೇಳಿ ತೆಗೆದುಕೊಳ್ಳಿ, ಮನೆಯಲ್ಲಿ ಒಂದು ದಾರಕ್ಕೆ ಪೋಣಿಸಿಡಿ. ಆ ಕಾಗದದ ಅಕ್ಷರ ಬೇಗ ಮಾಸುತ್ತದೆ, ಹಾಗಾಗಿ ಅದೇ ದಿನ ಫೋಟೋ ತೆಗೆದಿಡುವುದು ಒಳ್ಳೆಯದು.

ಅಕ್ಕಿಯಲ್ಲಿ ಹುಳ, ಮುಗ್ಗಲು ವಾಸನೆ ಇದ್ದರೆ ಅಲ್ಲೇ ಹೇಳಿ, ಬದಲಿಸಿ ಕೊಡಿ ಅಂತ ಕೇಳಿ. ಬದಲಿಸದಿದ್ದರೆ ಒಂದು ಮುಷ್ಟಿ ಅಕ್ಕಿಯನ್ನು ಕವರಿನಲ್ಲಿ ಕಟ್ಟಿ ದಿನಾಂಕ ಬರೆದಿಡಿ. ಗೋಣಿಗೆ ಹೊಲಿದಿರುವ ಚೀಟಿಯ ಫೋಟೋ ಸಿಕ್ಕಿದರೆ ಇನ್ನೂ ಒಳ್ಳೆಯದು. ಯಾವ ಗೋದಾಮಿನಿಂದ ಬಂತು ಅಂತ ಅದರಿಂದ ಗೊತ್ತಾಗುತ್ತದೆ.

"ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆ" ಅನ್ನುವ ಮಾತು ನಮ್ಮ ಕಡೆ ಎಲ್ಲ ಮನೆಯಲ್ಲೂ ಕೇಳಿದ್ದೇನೆ. ನನ್ನ ಅತ್ತೆಯೂ ಮೊರದಲ್ಲಿ ಅಕ್ಕಿ ಹರಡಿ ಬಣ್ಣ ಬೇರೆ ಕಾಣುವ ಕಾಳುಗಳನ್ನು ಆರಿಸಿ ಎಸೆಯುತ್ತಿದ್ದರು. ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರದಲ್ಲಿ ಒತ್ತಿ ತೆಗೆದದ್ದು. ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ತೊಳೆಯುವಾಗ ಕೆಲವು ತೇಲುತ್ತವೆ, ಹಾಗಾಗಿ ಜನ ಹೆದರುತ್ತಾರೆ. ಅನುಮಾನ ಇದ್ದರೆ ಒಂದು ಕಾಳನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಹಿಟ್ಟು ಸುಟ್ಟ ಹಾಗೆ ಕರಕಲಾಗುತ್ತದೆ. ಪ್ಲಾಸ್ಟಿಕ್ ಆಗಿದ್ದರೆ ಕರಗಿ ಅಂಟಾಗುತ್ತದೆ, ವಾಸನೆ ಬರುತ್ತದೆ.

ಕುಚ್ಚಲಕ್ಕಿಯ ಮಾತು

ಇದನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಮನೆಗಳಲ್ಲಿ ದಿನಾ ಬೇಯುವುದು ಕುಚ್ಚಲಕ್ಕಿ. ಗಂಜಿಗೂ ಅದೇ, ಊಟಕ್ಕೂ ಅದೇ. ರೇಷನ್ನಿನಲ್ಲಿ ಬರುವುದು ಬೆಳ್ತಿಗೆ, ಅಂದರೆ ಕುದಿಸದೆ ಮಾಡಿದ ಬಿಳಿ ಅಕ್ಕಿ. ಬೆಳ್ತಿಗೆ ನೀರುದೋಸೆಗೆ, ಕಡುಬಿಗೆ ಆಗುತ್ತದೆ. ಆದರೆ ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 20 ಕೆಜಿ ದೋಸೆ ಮಾಡಲಿಕ್ಕೆ ಆಗುತ್ತದಾ? ಹಾಗಾಗಿ ಎಷ್ಟೋ ಮನೆಯವರು ಅದನ್ನು ಕಡಿಮೆ ಬೆಲೆಗೆ ಮಾರಿ, ಮೇಲೆ ಕೈಯಿಂದ ದುಡ್ಡು ಹಾಕಿ ಕುಚ್ಚಲಕ್ಕಿ ತರುತ್ತಾರೆ. ರೇಷನ್ ಅಕ್ಕಿ ಮಾರುವುದು ತಪ್ಪು, ಕಾರ್ಡಿಗೇ ಕುತ್ತು ಬರಬಹುದು. ಆದರೆ ಉಣ್ಣದ ಅಕ್ಕಿ ಕೊಟ್ಟು, ಮಾರಿದರು ಅಂತ ಬೈಯುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಹೊಟ್ಟೆಗೆ ಒಗ್ಗುವ ಊಟ ಸಿಗುವುದೂ ಹಕ್ಕಿನ ಭಾಗವೇ ಅಲ್ವಾ?

ದಾರಿ ಇದೆ, ಆದರೆ ಒಬ್ಬರಿಂದ ಆಗುವ ಕೆಲಸ ಅಲ್ಲ. ಕುಚ್ಚಲಕ್ಕಿ ರೇಷನ್ನಿಗೆ ಬರಬೇಕಾದರೆ ಇಲ್ಲಿಯ ಎಂಒ4, ಜಯ, ಜ್ಯೋತಿಯಂಥ ಭತ್ತವನ್ನು ಸರ್ಕಾರ ಬೆಂಬಲ ಬೆಲೆಗೆ ಕೊಂಡು, ಇಲ್ಲಿಯ ಮಿಲ್ಲುಗಳಲ್ಲಿ ಕುದಿಸಿ ಅಕ್ಕಿ ಮಾಡಿಸಬೇಕು. ಏಣೇಲು ಅನ್ನುವ ಮಳೆಗಾಲದ ಬೆಳೆಯ ಕೊಯ್ಲು ಅಕ್ಟೋಬರ್, ನವೆಂಬರ್ ಹೊತ್ತಿಗೆ ಮುಗಿದುಬಿಡುತ್ತದೆ. ಒಣಗಿಸಿಡಲು ಜಾಗ ಇಲ್ಲದ ರೈತರು ಗದ್ದೆಯಿಂದಲೇ ಮಿಲ್ಲಿಗೆ ಕಳಿಸುತ್ತಾರೆ. ಖರೀದಿ ಕೇಂದ್ರ ಆಮೇಲೆ ಬಾಗಿಲು ತೆರೆದರೆ ಯಾರಿಗೂ ಉಪಯೋಗ ಇಲ್ಲ. ಆದ್ದರಿಂದ ನಿಮ್ಮ ಗ್ರಾಮಸಭೆಯಲ್ಲಿ ಎರಡು ಸಾಲಿನ ನಿರ್ಣಯ ಮಾಡಿಸಿ: ಕೊಯ್ಲಿಗೆ ಮೊದಲೇ ಖರೀದಿ ಕೇಂದ್ರ ತೆರೆಯಬೇಕು, ನಮ್ಮ ಸೊಸೈಟಿಗೆ ಕುಚ್ಚಲಕ್ಕಿ ಕೊಡಬೇಕು. ಸಭೆಯ ನಡಾವಳಿ ಪುಸ್ತಕದಲ್ಲಿ ಅದು ಬರೆದಿದೆಯಾ ಅಂತ ನೋಡಿಯೇ ಎದ್ದು ಬನ್ನಿ. ನಕಲು ಪ್ರತಿಯನ್ನು ಜಿಲ್ಲಾಧಿಕಾರಿಗೆ ಕಳಿಸಿ. ನಗರದಲ್ಲಿರುವವರು ವಾರ್ಡ್ ಸಮಿತಿ ಸಭೆಯಲ್ಲಿ ಇದೇ ಕೆಲಸ ಮಾಡಬಹುದು.

ಹಂತ 3: ಅಂಗನವಾಡಿ, ಶಾಲೆ – ಒಂದು ದಿನ ಹೋಗಿ ಉಂಡು ಬನ್ನಿ

6 ತಿಂಗಳಿಂದ 6 ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಆಹಾರ ಸಿಗಬೇಕು. ಮೂರು ವರ್ಷದ ಒಳಗಿನವರಿಗೆ ಮನೆಗೆ ಕೊಡುತ್ತಾರೆ, ದೊಡ್ಡವರಿಗೆ ಅಲ್ಲೇ ಬಿಸಿ ಊಟ. ಬಸುರಿ, ಬಾಣಂತಿಯರಿಗೆ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯ ಬಿಸಿ ಊಟ ಇದೆ. ಅದಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ. ಹೆಸರು ಬರೆಸಿದರೆ ಆಯಿತು.

ಶಾಲೆಯ ಲೆಕ್ಕ ಹೀಗೆ. ಒಂದರಿಂದ ಐದನೇ ತರಗತಿಯವರಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಆರರಿಂದ ಎಂಟರವರಿಗೆ 150 ಗ್ರಾಂ, 700 ಕ್ಯಾಲೊರಿ, 20 ಗ್ರಾಂ. ನಮ್ಮ ರಾಜ್ಯದಲ್ಲಿ ಹತ್ತನೇ ತರಗತಿವರೆಗೂ ಊಟ ಇದೆ. ಕ್ಷೀರಭಾಗ್ಯದ ಹಾಲು 150 ಮಿಲಿ. ಮೊಟ್ಟೆಯೂ ಇದೆ, ತಿನ್ನದವರಿಗೆ ಬಾಳೆಹಣ್ಣು.

ಇದನ್ನೆಲ್ಲ ಕಾಗದದಲ್ಲಿ ನೋಡುವುದಕ್ಕಿಂತ ಒಂದು ದಿನ ಮಧ್ಯಾಹ್ನ ಹೋಗಿ ಮಕ್ಕಳ ಸಾಲಿನಲ್ಲಿ ಕೂತು ಉಣ್ಣಿ. ಶಾಲಾಭಿವೃದ್ಧಿ ಸಮಿತಿಯವರಿಗೆ (ಎಸ್‌ಡಿಎಂಸಿ) ಹೇಳಿ ಹೋದರೆ ಯಾರೂ ಬೇಡ ಅನ್ನುವುದಿಲ್ಲ. ಬಡಿಸುವ ಮೊದಲು ದೊಡ್ಡವರು ರುಚಿ ನೋಡಲೇಬೇಕು, ಅವರಲ್ಲಿ ಒಬ್ಬರು ಶಿಕ್ಷಕರಾಗಿರಬೇಕು ಅಂತ 2015ರ ನಿಯಮ ಇದೆ. ರುಚಿ ನೋಡಿದ ಪುಸ್ತಕ ಕೇಳಿ. ಒಂದು ತಿಂಗಳ ಸಹಿ ಎಲ್ಲ ಒಂದೇ ಪೆನ್ನಿನಲ್ಲಿ, ಒಂದೇ ದಿನ ಹಾಕಿದ ಹಾಗೆ ಇದ್ದರೆ ಏನಾಗುತ್ತಿದೆ ಅಂತ ನಿಮಗೇ ಗೊತ್ತಾಗುತ್ತದೆ. ಅಕ್ಕಿ ನೆಲಕ್ಕೆ ತಾಗದೆ ಮಣೆಯ ಮೇಲೆ ಇದೆಯಾ, ಕುಡಿಯುವ ನೀರಿನ ಟ್ಯಾಂಕಿನ ಮುಚ್ಚಳ ಸರಿ ಇದೆಯಾ, ಮಕ್ಕಳು ಕೈ ತೊಳೆಯುವಲ್ಲಿ ಸೋಪ್ ಇದೆಯಾ ನೋಡಿ.

ನನ್ನ ಮಗನ ಶಾಲೆಯಲ್ಲಿ ಒಂದು ಸಮಯ ಸಾಂಬಾರ್ ಅಂದರೆ ಬರೀ ಹಳದಿ ನೀರು. ನಾಲ್ಕು ಜನ ಪೋಷಕರು ಹೋಗಿ ಕೂತೆವು. ನನ್ನ ತಟ್ಟೆಗೆ ಬಂದದ್ದು ಎರಡು ತುಂಡು ಸೌತೆಕಾಯಿ. ಅಡುಗೆಯ ಅಕ್ಕಂದಿರನ್ನು ದೂರುವ ಮನಸ್ಸಿನಲ್ಲೇ ಹೋಗಿದ್ದೆವು. ಮಾತಾಡಿದಾಗ ಗೊತ್ತಾದದ್ದು ಬೇರೆ. ತರಕಾರಿಯ ದುಡ್ಡು ಎರಡು ತಿಂಗಳಿಂದ ಬಂದಿರಲಿಲ್ಲ, ಅಂಗಡಿಯವರು ಸಾಲ ನಿಲ್ಲಿಸಿದ್ದರು. ಒಬ್ಬ ಅಕ್ಕ ತಮ್ಮ ಮನೆಯ ಹಿತ್ತಿಲಿನ ಹರಿವೆ ತಂದು ಹಾಕುತ್ತಿದ್ದರು. ನಾವು ದೂರು ಬರೆದದ್ದು ಹಣ ತಡವಾದ ಬಗ್ಗೆ, ಅಕ್ಕಂದಿರ ಮೇಲೆ ಅಲ್ಲ. ಜೊತೆಗೆ ಬಾವಿಯ ಹತ್ತಿರ ಬಸಳೆ ಚಪ್ಪರ ಹಾಕಿದೆವು, ತೊಂಡೆ ಬಳ್ಳಿ ನೆಟ್ಟೆವು. ಹಾಗಾಗಿ ದೂರು ಬರೆಯುವ ಮೊದಲು ಅಡುಗೆಮನೆಯವರ ಹತ್ತಿರ ಕೂತು ಮಾತಾಡಿ. ತಪ್ಪು ಎಲ್ಲಿದೆ ಅಂತ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಯಾವ ಕಾರಣಕ್ಕೇ ಆಗಲಿ ಊಟ ಕೊಡದ ದಿನಕ್ಕೆ ಮಗುವಿಗೆ ಆಹಾರ ಭದ್ರತಾ ಭತ್ಯೆ ಸಿಗಬೇಕು. ಮುಂದಿನ ತಿಂಗಳ 15ರೊಳಗೆ ಕೊಡಬೇಕು. ಸತತ ಮೂರು ಶಾಲಾ ದಿನ ಅಥವಾ ತಿಂಗಳಲ್ಲಿ ಐದು ದಿನ ಊಟ ನಿಂತರೆ ಯಾರ ತಪ್ಪು ಅಂತ ರಾಜ್ಯ ಸರ್ಕಾರ ಹೊಣೆ ಗುರುತಿಸಬೇಕು. ಊಟ ಇಲ್ಲದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ಹಂತ 4: ಮೀನು

ಮಂಗಳೂರಿನ ಬಂದರು ಧಕ್ಕೆಯಲ್ಲಿ ಬೆಳಿಗ್ಗೆ ಮೀನು ಮಾರುವ ಅಕ್ಕ ಒಬ್ಬರು ನನಗೆ ಬಂಗುಡೆ ಆರಿಸುವುದು ಕಲಿಸಿದರು. "ಕಣ್ಣು ಮಾತ್ರ ನೋಡಬೇಡಿ, ನೀರು ಚಿಮುಕಿಸಿದರೆ ಯಾವ ಕಣ್ಣೂ ಹೊಳೆಯುತ್ತದೆ" ಅಂದವರೇ ಹೆಬ್ಬೆರಳಲ್ಲಿ ಕಿವಿರು ಎತ್ತಿ ತೋರಿಸಿದರು. ಒಳಗೆ ರಕ್ತದ ಹಾಗೆ ಕೆಂಪು, ಸ್ವಲ್ಪ ಲೋಳೆ. ಪಕ್ಕದ ಬುಟ್ಟಿಯ ಮೀನಿನದ್ದು ಕಂದು ಬಣ್ಣ, ಅಂಟು. ಆಮೇಲೆ ಬೆರಳಿನಿಂದ ಬೆನ್ನು ಒತ್ತಿದರು. ತಾಜಾ ಮೀನಿನಲ್ಲಿ ಗುಳಿ ಕೂಡಲೇ ತುಂಬಿಕೊಂಡಿತು. ಹಳೆಯದರಲ್ಲಿ ಹಾಗೇ ಉಳಿಯಿತು. ಬೂತಾಯಿಗೆ (ಸಾರ್ಡೀನ್) ಇನ್ನೊಂದು ಗುರುತು: ಹೊಟ್ಟೆ ಒಡೆದಿದ್ದರೆ ತೆಗೆದುಕೊಳ್ಳಬೇಡಿ.

ಬಂಗುಡೆ, ಬೂತಾಯಿ, ಕೇದಾರ್ (ಟ್ಯೂನಾ) – ಈ ಮೂರರ ವಿಷಯದಲ್ಲಿ ಒಂದು ಎಚ್ಚರಿಕೆ ಜಾಸ್ತಿ ಬೇಕು. ಐಸ್ ಇಲ್ಲದೆ ಬಿಸಿಲಿನಲ್ಲಿ ಇಟ್ಟರೆ ಇವುಗಳ ಮಾಂಸದಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಹೆಚ್ಚುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗುವುದು, ತುರಿಕೆ, ತಲೆನೋವು ಬರುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಹುಳಿ ಮಸಾಲೆ ಹಾಕಿದರೂ ಅದು ಹೋಗುವುದಿಲ್ಲ. ಹಾಗಾಗಿ ಮೀನಿನಷ್ಟೇ ತೂಕದ ಐಸ್ ಇಟ್ಟು ಮಾರುವವರ ಹತ್ತಿರ ಕೊಂಡುಕೊಳ್ಳಿ. ಸಂತೆಯ ಬೇರೆ ಕೆಲಸ ಎಲ್ಲ ಮುಗಿಸಿ ಕೊನೆಗೆ ಮೀನು ತೆಗೆದುಕೊಳ್ಳಿ. ಸ್ಕೂಟರಿನ ಡಿಕ್ಕಿಯೊಳಗೆ ಬಿಸಿಲಿನಲ್ಲಿ ಇಟ್ಟುಕೊಂಡು ಊರೆಲ್ಲ ಸುತ್ತಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ನಾಡದೋಣಿಯ ಮೀನು, ಹೊಳೆ ಮೀನು ಬಿಟ್ಟರೆ ಉಳಿದದ್ದು ಬೇರೆ ರಾಜ್ಯದಿಂದ ಲಾರಿಯಲ್ಲಿ ಬರುತ್ತದೆ ಅಥವಾ ಫ್ರೀಜರಿನಿಂದ. ಎಲ್ಲಿಯ ಮೀನು, ಎಷ್ಟು ದಿನದ್ದು ಅಂತ ಈ ಎರಡು ತಿಂಗಳು ಕೇಳಿಯೇ ತೆಗೆದುಕೊಳ್ಳಿ. ಫಾರ್ಮಾಲಿನ್ ಹಾಕಿರಬಹುದು ಅನ್ನುವ ಹೆದರಿಕೆ 2018ರಲ್ಲಿ ಕೇರಳ, ಗೋವಾದಲ್ಲಿ ಗಲಾಟೆ ಆದ ಮೇಲೆ ನಮ್ಮಲ್ಲೂ ಬಂತು. ಮೀನಿನ ವಾಸನೆಯೇ ಇಲ್ಲ, ಮೈ ರಬ್ಬರಿನ ಹಾಗೆ ಗಟ್ಟಿ, ಕಿವಿರು ಮಾತ್ರ ಮಾಸಿದೆ – ಹೀಗಿದ್ದರೆ ಬಿಟ್ಟುಬಿಡಿ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದಕ್ಕಾಗಿಯೇ ಕಾಗದದ ಪಟ್ಟಿಯ ಕಿಟ್ ಮಾಡಿದೆ. ಪಟ್ಟಿಯನ್ನು ಮೀನಿನ ಮೈಗೆ ಉಜ್ಜಿ ಅದರ ಮೇಲೆ ದ್ರಾವಣದ ಹನಿ ಹಾಕಿದರೆ ಬಣ್ಣ ಬದಲಾಗುವುದರಿಂದ ಗೊತ್ತಾಗುತ್ತದೆ. ಬುಟ್ಟಿ ಹೊತ್ತು ಮಾರುವ ಅಕ್ಕನ ಮೇಲೆ ರೇಗುವುದರಿಂದ ಏನೂ ಪ್ರಯೋಜನ ಇಲ್ಲ. ಅವರು ಏಲಂನಲ್ಲಿ ತೆಗೆದದ್ದನ್ನು ಮಾರುತ್ತಾರೆ ಅಷ್ಟೇ. ಲಾರಿ ಇಳಿಸುವ ಕಡೆ ಪರೀಕ್ಷೆ ಮಾಡಿ ಅಂತ ಇಲಾಖೆಯನ್ನು ಕೇಳಬೇಕು.

ಹಂತ 5: ಅಂಗಡಿ, ಹೋಟೆಲ್, ಗಾಡಿ

ಇದನ್ನು ಬೇಗ ಮುಗಿಸುತ್ತೇನೆ. ಆಹಾರ ಮಾರುವ ಪ್ರತಿ ಕಡೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಸಣ್ಣವರಿಗೆ ನೋಂದಣಿ, ದೊಡ್ಡವರಿಗೆ ಪರವಾನಗಿ. 2022ರ ಜನವರಿಯಿಂದ ಬಿಲ್ಲಿನ ಮೇಲೂ ಆ ನಂಬರ್ ಕಡ್ಡಾಯ. ನಂಬರ್ ಸರಿಯಾ ಅಂತ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ಹಾಕಿ ನೋಡಬಹುದು.

ಕಬಾಬ್, ಗೋಬಿ ಮಂಚೂರಿ ಕೆಂಪಗೆ ಹೊಳೆಯುತ್ತಿದ್ದರೆ ಬೇಡ. 2024ರ ಮಾರ್ಚ್‌ನಲ್ಲಿ ಗೋಬಿಗೆ, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯ ನಿಷೇಧಿಸಿದೆ. ಕೈಗೆ ಬಣ್ಣ ಹತ್ತಿದರೆ ಫೋಟೋ ತೆಗೆದಿಡಿ. ಕರಿದ ಎಣ್ಣೆ ಕಪ್ಪಾಗಿ, ನೊರೆ ಬಂದು, ಹೊಗೆ ಬೇಗ ಏಳುತ್ತಿದ್ದರೆ ಅದು ಎಷ್ಟೋ ಸಲ ಕಾದ ಎಣ್ಣೆ.

ಮನೆಯಲ್ಲೇ ಮಾಡುವ ಪರೀಕ್ಷೆಗಳಲ್ಲಿ ನಮಗೆ ಹೆಚ್ಚು ಉಪಯೋಗ ತೆಂಗಿನೆಣ್ಣೆಯದ್ದು. ಗಾಜಿನ ಲೋಟದಲ್ಲಿ ಹಾಕಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಶುದ್ಧವಾಗಿದ್ದರೆ ಗಟ್ಟಿಯಾಗುತ್ತದೆ. ಬೇರೆ ಎಣ್ಣೆ ಬೆರೆತಿದ್ದರೆ ಅದು ಬೇರೆ ಪದರವಾಗಿ ನಿಲ್ಲುತ್ತದೆ.

ಬ್ರಹ್ಮಕಲಶ, ನೇಮ, ಮದುವೆ ಊಟ ಮಾಡಿಸುವವರಿಗೂ ಒಂದು ಮಾತು. ಬೇಯಿಸಿದ್ದು 60 ಡಿಗ್ರಿಗಿಂತ ಬಿಸಿ ಇರಬೇಕು, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗೆ. ಮಧ್ಯದ ಉಗುರು ಬೆಚ್ಚಗಿನಲ್ಲೇ ರೋಗಾಣು ಬೆಳೆಯುತ್ತದೆ. ರಾತ್ರಿಯೇ ಬೇಯಿಸಿ ರಾಶಿ ಹಾಕಿಟ್ಟ ಅನ್ನವನ್ನು ಮಧ್ಯಾಹ್ನ ಬಿಸಿ ಮಾಡಿ ಬಡಿಸಬೇಡಿ. ಅದರಲ್ಲಿ ಆಗಲೇ ಆದ ವಿಷ ಬಿಸಿ ಮಾಡಿದರೆ ಹೋಗುವುದಿಲ್ಲ.

ಹಂತ 6: ತಿಂದು ಹೊಟ್ಟೆ ಕೆಟ್ಟರೆ

ಮೊದಲು ಮನುಷ್ಯನನ್ನು ನೋಡಿ. ಒಆರ್‌ಎಸ್ ಕುಡಿಸಿ. ಮಕ್ಕಳು, ವಯಸ್ಸಾದವರು, ಬಸುರಿಯರಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಏನು ತಿಂದದ್ದು, ಎಲ್ಲಿ, ಎಷ್ಟು ಗಂಟೆಗೆ ಅಂತ ಡಾಕ್ಟರಿಗೆ ಹೇಳಿ, ಅದನ್ನು ಚೀಟಿಯಲ್ಲಿ ಬರೆಯಿಸಿ. ಇದೊಂದು ಸಾಲು ಆಮೇಲೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಉಳಿದ ಆಹಾರವನ್ನು ಅದೇ ಪೊಟ್ಟಣದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಡಿ. ಬಿಲ್ ಇಡಿ. ಜೊತೆಯಲ್ಲಿ ತಿಂದವರಿಗೆ ಫೋನ್ ಮಾಡಿ ಯಾರಿಗೆಲ್ಲ ಹೀಗಾಗಿದೆ ಕೇಳಿ, ಪಟ್ಟಿ ಮಾಡಿ. ಅದೇ ದಿನ ಆಹಾರ ಸುರಕ್ಷತಾಧಿಕಾರಿಗೆ ತಿಳಿಸಿ. ನಿಮ್ಮ ಪೊಟ್ಟಣದಿಂದ ಕೇಸ್ ನಿಲ್ಲುವುದಿಲ್ಲ. ಅಧಿಕಾರಿ ಅಂಗಡಿಗೆ ಹೋಗಿ ತಾವೇ ಮಾದರಿ ತೆಗೆದು, ನಾಲ್ಕು ಭಾಗ ಮಾಡಿ ಸೀಲ್ ಹಾಕಿದರೆ ಮಾತ್ರ ಅದು ಕಾನೂನಿನ ಮಾದರಿ. ನಾಳೆ ಹೇಳಿದರೆ ಪಾತ್ರೆ ತೊಳೆದಾಗಿರುತ್ತದೆ.

ಯಾವುದೋ ಅಂಗಡಿಯ ವಸ್ತುವಿನ ಮೇಲೆ ನಿಮಗೆ ಮೊದಲೇ ಅನುಮಾನ ಇದೆಯಾ? 2006ರ ಆಹಾರ ಸುರಕ್ಷತಾ ಕಾಯ್ದೆಯ ಸೆಕ್ಷನ್ 40ರಲ್ಲಿ ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದೇ ಷರತ್ತು: ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಅಂತ ಅಂಗಡಿಯವರಿಗೆ ಹೇಳಬೇಕು. ತಪ್ಪು ಇದೆ ಅಂತ ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ.

ಹಂತ 7: ದೂರು ಬರೆಯುವುದು

ಫೋನಿನಲ್ಲಿ ಹೇಳಿದ ದೂರು ಗಾಳಿಯಲ್ಲಿ ಹೋಗುತ್ತದೆ. ಕರೆ ಮಾಡಿ, ಆದರೆ ಕಾಗದವನ್ನೂ ಕೊಡಿ. ರೇಷನ್ನಿನ ವಿಷಯ ತಾಲೂಕು ಕಚೇರಿಯ ಆಹಾರ ನಿರೀಕ್ಷಕರಿಗೆ, ತಹಶೀಲ್ದಾರರಿಗೆ. ಹೋಟೆಲ್, ಅಂಗಡಿ, ಮೀನಿನ ವಿಷಯ ಜಿಲ್ಲೆಯ ಆಹಾರ ಸುರಕ್ಷತೆಯ ಅಂಕಿತಾಧಿಕಾರಿಗೆ. ತೂಕದ್ದಾದರೆ ಕಾನೂನು ಮಾಪನ ಇಲಾಖೆಗೆ. ಶಾಲೆಯದ್ದು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂಗನವಾಡಿಯದ್ದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ. ಯಾರಿಗೆ ಕೊಡಬೇಕು ಅಂತ ಗೊತ್ತಾಗದಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲೇ ಕೊಡಿ. ಮಂಗಳೂರಿನವರಿಗೆ ಅದು ಪಡೀಲಿನಲ್ಲಿದೆ, ಉಡುಪಿಯವರಿಗೆ ಮಣಿಪಾಲದ ರಜತಾದ್ರಿ. ಫೋನ್ ನಂಬರುಗಳು: ರೇಷನ್ನಿಗೆ 1967, ಆಹಾರ ಸುರಕ್ಷತೆಗೆ 1800 11 2100, ರಾಜ್ಯದ ಜನಸ್ಪಂದನ 1902, ಗ್ರಾಹಕ ಸಹಾಯವಾಣಿ 1915.

ಬರೆಯುವುದು ಹೇಗೆ? ಸಿಟ್ಟು ಬೇಡ, ಗುಮಾನಿ ಬೇಡ. ಕಂಡದ್ದು, ದಿನಾಂಕ, ಗಂಟೆ, ಲೆಕ್ಕ. ಹೀಗೆ:

"ತಹಶೀಲ್ದಾರರಿಗೆ, ವಿಷಯ: ಪಡಿತರ ಅಕ್ಕಿಯ ತೂಕದಲ್ಲಿ ಕೊರತೆ. ಮಾನ್ಯರೇ, ನನ್ನ ಪಡಿತರ ಚೀಟಿ ಸಂಖ್ಯೆ ______. ಕಾರ್ಡಿನಲ್ಲಿ ನಾಲ್ಕು ಜನ ಇದ್ದೇವೆ. ದಿನಾಂಕ ______ ರಂದು ಬೆಳಿಗ್ಗೆ 11 ಗಂಟೆಗೆ ______ ಸಂಖ್ಯೆಯ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆದೆ. ರಸೀದಿಯಲ್ಲಿ 20 ಕೆಜಿ ಎಂದಿದೆ. ಅದೇ ದಿನ ಹೊರಗೆ ತೂಗಿಸಿದಾಗ 18 ಕೆಜಿ 200 ಗ್ರಾಂ ಇತ್ತು. ಅಂಗಡಿಯಲ್ಲಿ ದಾಸ್ತಾನಿನ ಬೋರ್ಡ್ ಬರೆದಿರಲಿಲ್ಲ. ಉಳಿದ ಅಕ್ಕಿ ಕೊಡಿಸಬೇಕು, ತಕ್ಕಡಿ ಪರಿಶೀಲಿಸಬೇಕು, ಕೈಗೊಂಡ ಕ್ರಮವನ್ನು ನನಗೆ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ. ರಸೀದಿಯ ನಕಲು ಮತ್ತು ಫೋಟೋ ಲಗತ್ತಿಸಿದೆ."

ಎರಡು ಪ್ರತಿ ಮಾಡಿ. ಒಂದನ್ನು ಕೊಡಿ, ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಅಲ್ಲಿಂದ ಸೀದಾ ಪೋಸ್ಟ್ ಆಫೀಸಿಗೆ ಹೋಗಿ, ದಾಖಲೆ ಉಳಿಯುವ ರೀತಿಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಒಬ್ಬರೇ ಹೆಸರು ಹಾಕಲು ಹೆದರಿಕೆ ಇದ್ದರೆ ಐದಾರು ಮನೆಯವರು ಸೇರಿ ಸಹಿ ಮಾಡಿ. ಅಂಗಡಿಯವರು ಒಬ್ಬರ ಮೇಲೆ ಸಿಟ್ಟು ತೀರಿಸುವುದು ಆಗ ಕಷ್ಟ.

ಹದಿನೈದು ದಿನ ಕಾಯಿರಿ. ಉತ್ತರ ಇಲ್ಲದಿದ್ದರೆ ಅದೇ ಕಾಗದದ ನಕಲಿನ ಜೊತೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಬರೆಯಿರಿ. ಆಹಾರ ಭದ್ರತಾ ಕಾಯ್ದೆಯ ಸೆಕ್ಷನ್ 15ರಲ್ಲಿ ಇರುವ ಹುದ್ದೆ ಅದು. ರೇಷನ್, ಬಿಸಿಯೂಟ, ಅಂಗನವಾಡಿ ಮೂರಕ್ಕೂ ಅವರೇ. ಅವರ ಆದೇಶವೂ ಸರಿ ಕಾಣದಿದ್ದರೆ ಮೇಲ್ಮನವಿ ರಾಜ್ಯ ಆಹಾರ ಆಯೋಗಕ್ಕೆ. ಜೊತೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: "ನನ್ನ ಈ ದಿನಾಂಕದ ದೂರಿನ ಮೇಲೆ ಇವತ್ತಿನವರೆಗೆ ಏನೇನು ಬರೆಯಲಾಗಿದೆ, ಆ ಕಡತದ ಪ್ರತಿ ಕೊಡಿ." 30 ದಿನದಲ್ಲಿ ಉತ್ತರ ಕೊಡಬೇಕು. ನನ್ನ ಅನುಭವದಲ್ಲಿ, ಎಷ್ಟೋ ಸಲ ಈ ಅರ್ಜಿ ಮುಟ್ಟಿದ ಮೇಲೆಯೇ ಮೊದಲ ದೂರಿನ ಕಡತ ಅಲುಗಾಡುತ್ತದೆ.

ಸೊಸೈಟಿಯ ದಾಸ್ತಾನು ಪುಸ್ತಕ, ಹಂಚಿಕೆಯ ಪಟ್ಟಿ ಎಲ್ಲ ಸಾರ್ವಜನಿಕರು ನೋಡುವಂತಿರಬೇಕು, ಅದು ಸೆಕ್ಷನ್ 27. ಪ್ರತಿ ಅಂಗಡಿಗೂ ಜಾಗೃತ ಸಮಿತಿ ಇರಬೇಕು, ಅದು 29. ನಿಮ್ಮ ಅಂಗಡಿಯ ಸಮಿತಿಯಲ್ಲಿ ಯಾರ ಹೆಸರಿದೆ ಅಂತ ಕೇಳಿ ನೋಡಿ. ನಮ್ಮ ಕಡೆ ಕೇಳಿದಾಗ, ಪಟ್ಟಿಯಲ್ಲಿ ಹೆಸರಿದ್ದ ಹೆಂಗಸೊಬ್ಬರಿಗೆ ತಾನು ಸದಸ್ಯೆ ಅನ್ನುವುದೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವರು ಪ್ರತಿ ತಿಂಗಳು ಗೋಣಿ ಇಳಿಸುವ ದಿನ ಹೋಗಿ ಎಣಿಸುತ್ತಾರೆ.

ಹೋಟೆಲಿನ ಊಟದಿಂದ ಆಸ್ಪತ್ರೆ ಖರ್ಚು ಬಂದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಲೂ ಇಲ್ಲ. ಬಿಲ್, ಡಾಕ್ಟರ್ ಚೀಟಿ, ಅಂಕಿತಾಧಿಕಾರಿಗೆ ಕೊಟ್ಟ ದೂರಿನ ಸೀಲು ಹಾಕಿದ ಪ್ರತಿ – ಈ ಮೂರನ್ನೂ ಅರ್ಜಿಯ ಜೊತೆ ಇಡಿ.